ಡಾಕ್ಟರ ನಿದ್ದೆಗೊಂದು ಡಬ್ಬಿ

ಆಸ್ಪತ್ರೆಯ ಎರಡನೇ ಮಹಡಿಯ ಗಂಡಸರ ವಾರ್ಡಿನಲ್ಲಿ ಇಪ್ಪತ್ತಾರು ವರ್ಷದಿಂದ ಗುಮಾಸ್ತೆಯಾಗಿದ್ದ ಆಕೆಯನ್ನು ಎಲ್ಲರೂ ಫೈಲಕ್ಕ ಎನ್ನುತ್ತಿದ್ದರು. ಹುಟ್ಟುಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ನಾನು ಮೊದಲ ಸಲ ಕಂಡಾಗ ಅವರು ಕುರ್ಚಿಯ ಮೇಲೆ ನಿಂತು ಬೀರುವಿನ ನೆತ್ತಿಯಿಂದ ಒಂದು ಕಡತದ ಕಟ್ಟನ್ನು ಎಳೆಯುತ್ತ, ಕೆಳಗಿದ್ದ ಹಿರಿಯ ಸರ್ಜನ್ನರಿಗೆ ಬಯ್ಯುತ್ತಿದ್ದರು.

"ನಿಮ್ಮ ಅಕ್ಷರ ಓದೋಕೆ ನನಗೆ ಬರತ್ತೆ ಅಂತ ದಿನಾ ಇನ್ನೂ ಕೆಟ್ಟದಾಗಿ ಬರೀತಾ ಹೋಗ್ಬೇಡಿ ಸಾರ್. ನಾಳೆ ನಾನು ಗೊಟಕ್ ಅಂದ್ರೆ ನಿಮ್ಮ ರೋಗಿಗಳ ಗತಿ ಏನು?"

ಸರ್ಜನ್ನರು ಕುರ್ಚಿಯ ಕಾಲು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಗರದ ಅರ್ಧ ಜನರ ಹೊಟ್ಟೆ ಬಗೆದು ನೋಡಿದ ಕೈ ಅದು.

ನಾನು ಸಾಫ್ಟ್‌ವೇರ್ ಕಂಪನಿಯೊಂದರ ಪ್ರೋಗ್ರಾಮರ್. ಆ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳನ್ನು ಮನೆಗೆ ಕಳಿಸುವ ಕೆಲಸ, ಅಂದರೆ ಡಿಸ್ಚಾರ್ಜ್, ವರ್ಷಗಳಿಂದ ಒಂದು ತಲೆನೋವಾಗಿತ್ತು. ಬೆಳಿಗ್ಗೆ ಒಂಬತ್ತಕ್ಕೆ ವಾರ್ಡಿನ ಡಾಕ್ಟರು ಬೆನ್ನು ತಟ್ಟಿ "ನೀವಿನ್ನು ಹೊರಡಬಹುದು" ಎಂದರೆ, ಆತ ನಿಜವಾಗಿ ಗೇಟು ದಾಟುವಾಗ ಸಂಜೆ ಐದು. ಅಷ್ಟು ಹೊತ್ತೂ ಆ ಮಂಚಕ್ಕಾಗಿ ಇನ್ನೊಬ್ಬ ರೋಗಿ ಹೊರಗಿನ ಬೆಂಚಿನಲ್ಲಿ ಮುದುಡಿ ಕೂತಿರಬೇಕು. ಇದಕ್ಕೊಂದು ಸಾಫ್ಟ್‌ವೇರ್ ಮಾಡಿಕೊಡಿ ಎಂದು ನಮ್ಮನ್ನು ಕರೆದಿದ್ದರು.

ನಮ್ಮ ತಂಡದ ಮುಖ್ಯಸ್ಥರು ಆಗಷ್ಟೇ ನಾಲ್ಕು ದಿನದ ತರಬೇತಿಯೊಂದನ್ನು ಮುಗಿಸಿ ಬಂದು, ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದರು. ಅಲ್ಲಿ ಕಲಿತು ಬಂದದ್ದು ಆಕ್ಟಿವಿಟಿ ಡಯಾಗ್ರಮ್ ಬರೆಯುವುದನ್ನು. ಒಂದು ಕೆಲಸ ಎಲ್ಲಿ ಶುರುವಾಗಿ, ಯಾರ ಯಾರ ಕೈ ದಾಟಿ, ಎಲ್ಲಿ ಮುಗಿಯುತ್ತದೆ ಎಂದು ತೋರಿಸುವ ನಕ್ಷೆ ಅದು. ಶುರುವಿಗೆ ಒಂದು ಕರಿ ಚುಕ್ಕೆ. ಒಂದೊಂದು ಕೆಲಸಕ್ಕೂ ಮೂಲೆ ದುಂಡಗಿನ ಒಂದೊಂದು ಡಬ್ಬಿ, ಅದರಿಂದ ಮುಂದಿನದಕ್ಕೆ ಒಂದು ಬಾಣ. ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಜಾಗದಲ್ಲಿ ವಜ್ರದ ಆಕಾರ. ಕೆಲಸ ಕವಲೊಡೆದು ಒಟ್ಟೊಟ್ಟಿಗೆ ನಾಲ್ಕು ಕಡೆ ನಡೆಯುವುದಾದರೆ ಒಂದು ದಪ್ಪ ಅಡ್ಡಗೆರೆ. ನಾಲ್ಕೂ ಮುಗಿದು ಮತ್ತೆ ಕೂಡುವಲ್ಲಿ ಇನ್ನೊಂದು. ಕೊನೆಗೆ ಸುತ್ತ ಬಳೆ ತೊಟ್ಟ ಚುಕ್ಕೆ. ಯಾರು ಯಾವ ಕೆಲಸ ಮಾಡುತ್ತಾರೆಂದು ಗೊತ್ತಾಗಲು ಹಾಳೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ ಕೊಡುವುದೂ ಉಂಟು. ಇದನ್ನು ನೋಡಿಕೊಂಡೇ ನಾವು ಪ್ರೋಗ್ರಾಂ ಬರೆಯುವುದು. ನಕ್ಷೆ ತಪ್ಪಿದ್ದರೆ ಪ್ರೋಗ್ರಾಂ ಆ ತಪ್ಪನ್ನೇ ಬಹಳ ಅಚ್ಚುಕಟ್ಟಾಗಿ, ದಿನಕ್ಕೆ ನೂರು ಸಲ ಮಾಡುತ್ತದೆ. ಮುಖ್ಯಸ್ಥರಿಗೆ ಆ ವಜ್ರದ ಮೇಲೆ ಎಲ್ಲಿಲ್ಲದ ಮೋಹ. ಹಾಗಾಗಿ ಬೆನ್ನ ಹಿಂದೆ ನಾವು ಅವರನ್ನು ವಜ್ರ ಸಾರ್ ಎನ್ನುತ್ತಿದ್ದೆವು.

ವಜ್ರ ಸಾರ್ ಆಸ್ಪತ್ರೆಯ ನಿಯಮಾವಳಿಯನ್ನು ಒಂದು ಸಲ ತಿರುವಿಹಾಕಿ, ಎಸಿ ರೂಮಿನಲ್ಲಿ ಕೂತು, ಡಿಸ್ಚಾರ್ಜಿನ ನಕ್ಷೆ ಬರೆದುಕೊಂಡು ಬಂದರು. ಏಳು ಡಬ್ಬಿ, ಎರಡು ವಜ್ರ. ಮದುವೆ ಕರೆಯೋಲೆಯ ಹಾಗೆ ಚೆಂದ ಇತ್ತು. ವಾರ್ಡಿನ ಸಿಬ್ಬಂದಿಯನ್ನು ಕೂರಿಸಿ ಗೋಡೆಯ ಮೇಲೆ ಅದನ್ನು ತೋರಿಸಿದರು. ಎಲ್ಲರೂ ತಲೆಯಾಡಿಸಿದರು. ಸಭೆಗಳಲ್ಲಿ ತಲೆಯಾಡಿಸಿದರೆ ಬೇಗ ಬಿಡುತ್ತಾರೆ ಎಂಬುದು ಅವರಿಗೆ ಗೊತ್ತು. ಫೈಲಕ್ಕ ಮಾತ್ರ ಎದೆಯ ಮೇಲೆ ತೂಗುತ್ತಿದ್ದ ಕನ್ನಡಕ ಏರಿಸಿ, ಎದ್ದು ಹತ್ತಿರ ಹೋಗಿ, ಮೇಲಿಂದ ಕೆಳಗೆ ಬೆರಳಾಡಿಸುತ್ತ ಓದಿದರು.

"ಸಾರ್, ಇದು ಯಾವ ಊರಿನ ಆಸ್ಪತ್ರೆ?"

"ನಿಮ್ಮದೇ ಮೇಡಂ."

"ಅಲ್ಲ ಬಿಡಿ. ನೀವು ಹೇಳೋಕೆ ಸಂಕೋಚ ಪಡ್ತಿದೀರಿ. ಎಲ್ಲಿದೆ ಅಂತ ಹೇಳಿ, ನಾನೂ ಅಲ್ಲಿಗೇ ವರ್ಗ ಕೇಳ್ತೀನಿ. ಇಲ್ಲಿ ಯಾರೂ ಕಾಯೋದೇ ಇಲ್ವಲ್ಲ! ಡಾಕ್ಟರು ಬರೆದ್ರು, ಔಷಧಿ ಬಂತು, ರೋಗಿ ಹೋದ. ಗಾಲಿಕುರ್ಚಿ ಎಲ್ಲಿ? ಆ ಕುರ್ಚಿ ತರೋನು ಎಲ್ಲಿ? ಹಾಸಿಗೆ ಒರೆಸೋಳು ಎಲ್ಲಿ? ಅವಳು ಬಕೆಟ್ ಎತ್ತದಿದ್ರೆ ಮಂಚ ಖಾಲಿ ಅಂತ ಬ್ರಹ್ಮ ಬಂದು ಹೇಳಿದ್ರೂ ಖಾಲಿ ಅಲ್ಲ."

"ಅದೆಲ್ಲ ಸಣ್ಣ ವಿವರ ಮೇಡಂ."

"ಹೌದಾ? ಹಾಗಾದ್ರೆ ನೀವೊಂದು ದಿನ ಆ ಸಣ್ಣ ವಿವರ ಇಲ್ದೇ ಬಚ್ಚಲುಮನೆಗೆ ಹೋಗಿ ಬನ್ನಿ, ಕಾಲು ಮುರಿದಾಗ."

ವಜ್ರ ಸಾರ್ ಮುಖ ಇಂಗು ತಿಂದ ಮಂಗನ ಹಾಗಾಯಿತು. ಅಂದು ಸಂಜೆಯೇ ನನ್ನನ್ನು ಕರೆದು, "ಆ ಹೆಂಗಸಿನ ಜೊತೆ ನೀನೇ ಹೆಣಗಾಡು. ನನ್ನ ಬಿಪಿಗೆ ಆಗಿ ಬರಲ್ಲ" ಎಂದು ಕೈ ತೊಳೆದುಕೊಂಡರು.

ಮರುದಿನದಿಂದ ನಾನು ಫೈಲಕ್ಕನ ಮೇಜಿನ ಪಕ್ಕ ಒಂದು ಸ್ಟೂಲು ಹಾಕಿಕೊಂಡೆ. ಅವರು ಹೇಳುವುದು, ನಾನು ಬರೆಯುವುದು ಎಂದು ನಮ್ಮ ಒಪ್ಪಂದ. ಅರ್ಧ ಗಂಟೆಯಲ್ಲಿ ಪೆನ್ನು ಕಿತ್ತುಕೊಂಡರು.

"ಕೊಡಮ್ಮ ಇಲ್ಲಿ. ನೀನು ಬರೆಯೋ ಹೊತ್ತಿಗೆ ರೋಗಿ ಗುಣ ಆಗಿ, ಮನೆಗೆ ಹೋಗಿ, ಮತ್ತೆ ಕಾಯಿಲೆ ಬಿದ್ದು ವಾಪಸ್ ಬಂದಿರ್ತಾನೆ."

ಮೂರೇ ದಿನದಲ್ಲಿ ಅವರಿಗೆ ಆ ಭಾಷೆ ಕೈವಶವಾಯಿತು. ಹೆಸರುಗಳನ್ನು ಮಾತ್ರ ತಮಗೆ ಬೇಕಾದಂತೆ ಬದಲಿಸಿಕೊಂಡರು. ಪಟ್ಟಿಗಳಿಗೆ ಓಣಿ ಎಂದರು. ವಜ್ರಕ್ಕೆ ತಕರಾರು ಎಂದರು. ಕವಲೊಡೆಯುವ ದಪ್ಪ ಗೆರೆ ಹೊಸಿಲಾಯಿತು, ಎಲ್ಲ ಬಂದು ಕೂಡುವ ದಪ್ಪ ಗೆರೆ ಕಟ್ಟೆಯಾಯಿತು. "ಎಲ್ಲರೂ ಬರೋವರೆಗೂ ಕೂತು ಕಾಯೋದು ಕಟ್ಟೆ ಮೇಲೇ ತಾನೆ?" ಎಂದು ಕಾರಣ ಕೊಟ್ಟರು. ನಮ್ಮ ಕಂಪನಿಯಲ್ಲಿ ಇಂದಿಗೂ ಆ ಹೆಸರುಗಳೇ ಚಾಲ್ತಿಯಲ್ಲಿವೆ. ಒಮ್ಮೆ ವಿದೇಶದ ಗಿರಾಕಿಯೊಬ್ಬರ ಎದುರು ನಮ್ಮವನೊಬ್ಬ ಬಾಯಿತಪ್ಪಿ "ಇಲ್ಲೊಂದು ಕಟ್ಟೆ ಬರುತ್ತೆ" ಎಂದುಬಿಟ್ಟ.

ಜ್ವರದ ಚಾರ್ಟುಗಳ ಬೆನ್ನ ಮೇಲೆ ಬರೆದು ಬರೆದು ಜಾಗ ಸಾಲದೆ ಫೈಲಕ್ಕ ಕೆಲಸವನ್ನು ಮನೆಗೆ ಒಯ್ದರು. ಅವರ ಯಜಮಾನರು ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿ ಬಟ್ಟೆ ಕತ್ತರಿಸುವ ಎಂಟಡಿ ಮೇಜು, ಅಳತೆ ಗುರುತು ಹಾಕುವ ಕಂದು ಕಾಗದದ ದೊಡ್ಡ ಸುರುಳಿ. ಒಂದು ಭಾನುವಾರ ಬೆಳಿಗ್ಗೆ ನನ್ನನ್ನು "ತಪ್ಪು ತಿದ್ದೋಕೆ ಬಾ" ಎಂದು ಕರೆಸಿಕೊಂಡರು. ಹೋಗಿ ನೋಡಿದರೆ ಮೇಜಿನ ತುಂಬ ಕಾಗದ ಹಾಸಿತ್ತು. ಯಾರದೋ ಅರ್ಧ ಹೊಲಿದ ಕೋಟು ಕುರ್ಚಿಯ ಬೆನ್ನಿಗೆ ಗಡೀಪಾರಾಗಿತ್ತು. ಆದರೆ ಕಾಗದದ ಮೇಲಿದ್ದುದು ಆಸ್ಪತ್ರೆಯಲ್ಲ.

"ಕೈ ಪಳಗಲಿ ಅಂತ ಮೊದಲು ಮನೆದು ಬರೆದೆ" ಎಂದರು.

ಬೆಳಿಗ್ಗೆ ಆರರಿಂದ ಒಂಬತ್ತರವರೆಗಿನ ಅವರ ಮನೆ ಅಲ್ಲಿತ್ತು. ಮೂರು ಓಣಿ. ಫೈಲಕ್ಕನ ಓಣಿಯಲ್ಲಿ ಹದಿನೇಳು ಡಬ್ಬಿಗಳು, ಬಸ್ಸಿನ ಸೀಟಿಗೆ ಜನ ಒತ್ತಿಕೊಂಡಂತೆ. ಯಜಮಾನರ ಓಣಿಯಲ್ಲಿ ಎರಡು: ‘ಪೇಪರ್ ಓದುವುದು’, ‘ಪೇಪರಿನಲ್ಲಿ ಏನಿದೆ ಎಂದು ಹೇಳುವುದು’. ಅತ್ತೆಯ ಓಣಿಯಲ್ಲಿ ಡಬ್ಬಿಯೇ ಇಲ್ಲ, ಬರೀ ವಜ್ರಗಳು. ‘ಟೀ ಬಿಸಿ ಇದೆಯಾ?’ ‘ಕಿಟಕಿ ತೆಗೆದದ್ದು ಯಾರು?’ ‘ಇವತ್ತೂ ತಡಾನಾ?’ ಪ್ರತಿಯೊಂದು ವಜ್ರದಿಂದಲೂ ಒಂದು ಬಾಣ ಹೊರಟು ನೆಟ್ಟಗೆ ಫೈಲಕ್ಕನ ಓಣಿಗೆ ವಾಪಸ್ಸಾಗುತ್ತಿತ್ತು.

ಯಜಮಾನರು ಬಾಯಿಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಆಕ್ಷೇಪ ಎತ್ತಿದರು. "ನಲ್ಲಿ ನೀರು ನಾನಲ್ವಾ ನೋಡ್ಕೊಳ್ಳೋದು? ಅದನ್ಯಾಕೆ ಬರೆದಿಲ್ಲ?"

"ನೋಡ್ಕೊಳ್ತೀರಿ ರೀ. ತುಂಬಿ ಹರಿಯೋದನ್ನೂ ನೋಡ್ಕೊಳ್ತೀರಿ. ನಿಲ್ಸೋದು ನಾನು."

"ಯೋಚನೆ ಮಾಡೋದಕ್ಕೆ ಡಬ್ಬಿ ಇಲ್ವೇನಮ್ಮ?" ಎಂದು ಅವರು ನನ್ನ ಕಡೆ ತಿರುಗಿದರು.

"ಅದರಿಂದ ಮುಂದೆ ಬಾಣ ಹೋದ್ರೆ ಮಾತ್ರ ಹಾಕಬಹುದು ಸಾರ್" ಎಂದೆ.

"ಎಲ್ಲೂ ಹೋಗಲ್ಲ" ಎಂದರು ಫೈಲಕ್ಕ.

ಒಳಗಿನಿಂದ ಅತ್ತೆ ಕೋಲೂರಿಕೊಂಡು ಬಂದು, ತಮ್ಮ ಓಣಿ ಯಾವುದು ಎಂದು ಕೇಳಿ, ಬಗ್ಗಿ ನೋಡಿ, ಬಹಳ ಸಂತೋಷಪಟ್ಟರು. "ಮಿಕ್ಕೋರಿಗೆಲ್ಲ ಡಬ್ಬಿ, ನನಗೆ ಮಾತ್ರ ವಜ್ರ" ಎಂದು ಪಕ್ಕದ ಮನೆಯವರಿಗೂ ಹೇಳಿಬಂದರಂತೆ. ಯಜಮಾನರು ಮಾತ್ರ ಎರಡು ದಿನ ಮುನಿಸಿಕೊಂಡಿದ್ದು, ಮೂರನೇ ದಿನ ಹಾಲು ಕಾಯಿಸುವ ಡಬ್ಬಿಯನ್ನು ತಮ್ಮ ಓಣಿಗೆ ಎಳೆದುಕೊಂಡರು. ಪಾತ್ರೆ ಸೀದು ಕರಕಲಾದ ಮೇಲೆ ಡಬ್ಬಿ ಹಿಂದಿರುಗಿತು.

ಇತ್ತ ಆಸ್ಪತ್ರೆಯಲ್ಲಿ ಫೈಲಕ್ಕ ಕೈಗಡಿಯಾರ ಕಟ್ಟಿಕೊಂಡು ಒಬ್ಬೊಬ್ಬ ರೋಗಿಯ ಹಿಂದೆಯೂ ಬಿದ್ದರು. ಹದಿನಾಲ್ಕನೇ ಮಂಚದಲ್ಲಿ ಕಾಲು ಮುರಿದುಕೊಂಡ ಗಾರೆ ಕೆಲಸದವನಿದ್ದ. ಒಂಬತ್ತಕ್ಕೆ "ಹೊರಡಬಹುದು" ಎಂದದ್ದೇ ತಡ, ಗಟ್ಟಿ ಇದ್ದ ಕಾಲಿಗೆ ಬೂಟು ಹಾಕಿ, ಇನ್ನೊಂದು ಬೂಟನ್ನು ತೊಡೆಯ ಮೇಲೆ ಇಟ್ಟುಕೊಂಡು, ಮಂಚದ ಅಂಚಿನಲ್ಲಿ ಕೂತ. ಹನ್ನೊಂದಕ್ಕೂ ಹಾಗೇ ಕೂತಿದ್ದ. ಎರಡಕ್ಕೂ ಹಾಗೇ. ಅವನ ಮಂಚಕ್ಕೆ ಬರಬೇಕಿದ್ದ ಅಂಚೆಯಣ್ಣ ಹೊಟ್ಟೆನೋವು ಹಿಡಿದುಕೊಂಡು ಹೊರಗಿನ ಬೆಂಚಿನಲ್ಲಿ ಕೂತಿದ್ದವನು, ಮೂರು ಗಂಟೆಯ ಹೊತ್ತಿಗೆ ತೂಕಡಿಸಿ ಮಗುಚಿ ಬಿದ್ದ. ಮುಂಗೈ ಮುರಿಯಿತು. ಹೊಟ್ಟೆನೋವು ತೋರಿಸಲು ಬಂದವನನ್ನು ಮೊದಲು ಮೂಳೆ ಡಾಕ್ಟರಿಗೆ ತೋರಿಸಬೇಕಾಯಿತು.

ಇದಕ್ಕೆ ಯಾರನ್ನಾದರೂ ಬಲಿ ಹಾಕಲೇಬೇಕಲ್ಲ? ಆಸ್ಪತ್ರೆಯ ಮೇಲ್ವಿಚಾರಕರನ್ನು ಎಲ್ಲರೂ ದೊಡ್ಡ ಡಾಕ್ಟರು ಎನ್ನುತ್ತಿದ್ದರು. ನಾಲ್ಕು ವರ್ಷದ ಹಿಂದೆ ಬಂದವರು, ಕೆಟ್ಟವರಲ್ಲ, ಆದರೆ ತಮ್ಮ ಕೋಣೆಯಿಂದ ಕಂಡಷ್ಟೇ ಆಸ್ಪತ್ರೆ ಎಂದು ನಂಬಿದ್ದರು. ಗಾಲಿಕುರ್ಚಿ ತಳ್ಳುವ ಅಟೆಂಡರು ಅವರ ಕಣ್ಣಿಗೆ ಬಿದ್ದ. ಸಂಜೆಯೊಳಗೆ ಅವನ ಕೈಗೆ ಮೆಮೊ ಬಂತು: ‘ರೋಗಿಗಳನ್ನು ಹೊರಗೆ ಕರೆದೊಯ್ಯುವಲ್ಲಿ ನೀವು ತೋರಿದ ವಿಳಂಬದ ಬಗ್ಗೆ ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು.’

ಆ ಗಾಲಿಯಣ್ಣ ಮೆಮೊ ಹಿಡಿದು ಫೈಲಕ್ಕನ ಮೇಜಿಗೆ ಬಂದ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. "ಓದಿ ಹೇಳಿ ಅಕ್ಕ" ಎಂದ. ಅವನಿಗೆ ಓದಲು ಬರುತ್ತಿತ್ತು. ತಾನು ಓದಿದ್ದು ತಪ್ಪಿರಲಿ ಎಂಬ ಆಸೆಯಷ್ಟೆ.

ಫೈಲಕ್ಕ ಓದಿದರು. ಅವರ ಮೂಗಿನ ಹೊಳ್ಳೆ ಅರಳಿತು. ಗಡಿಯಾರ ನೋಡಿ ಹೊತ್ತು ಬರೆದಿಡುತ್ತಿದ್ದ ಪುಸ್ತಕ ತೆಗೆದು ಆ ದಿನದ ಪುಟ ತೋರಿಸಿದರು. ಗಾಲಿಯಣ್ಣ ಕುರ್ಚಿ ತಂದು ಮಂಚದ ಪಕ್ಕ ನಿಲ್ಲಿಸಿದ್ದು ಒಂಬತ್ತೂ ಇಪ್ಪತ್ತಕ್ಕೆ. ಔಷಧಿ ಬಂದದ್ದು ಹತ್ತಕ್ಕೆ. ಕೊನೆಯ ರಕ್ತಪರೀಕ್ಷೆಯ ಚೀಟಿ ಹತ್ತೂ ಹತ್ತಕ್ಕೆ. ವಾರ್ಡಿನ ಡಾಕ್ಟರು ಕಾಗದಕ್ಕೆ ಸಹಿ ಹಾಕಿದ್ದು ಹತ್ತೂವರೆಗೆ. ಹೊಸಿಲಿನಿಂದ ಕವಲೊಡೆದ ಎಲ್ಲ ಬಾಣಗಳೂ ಹನ್ನೊಂದರೊಳಗೆ ಕಟ್ಟೆಗೆ ಬಂದು ಕೂತಿದ್ದವು. ಬಾರದೆ ಉಳಿದದ್ದು ಒಂದೇ ಒಂದು. ವಾರ್ಡಿನ ಡಾಕ್ಟರ ಸಹಿಯಾದ ಮೇಲೆ ಅದೇ ಕಾಗದ ಕೆಳಗಿಳಿದು ದೊಡ್ಡ ಡಾಕ್ಟರ ಇನ್ನೊಂದು ಸಹಿಗೆ ಹೋಗಬೇಕಿತ್ತು. ಒಂದೂವರೆಯವರೆಗೆ ಅವರಿಗೆ ಸಭೆಗಳು. ಆಮೇಲೆ ಊಟ. ಆಮೇಲೆ ಸೋಫಾದ ಮೇಲೆ ಮೂರೂವರೆವರೆಗೆ ನಿದ್ದೆ. ಎದ್ದು ಮುಖ ತೊಳೆದು, ರಾಶಿ ಬಿದ್ದ ಕಾಗದಗಳಿಗೆ ಓದದೆ ಸಹಿ ಗೀಚುವ ಹೊತ್ತಿಗೆ ನಾಲ್ಕು ಗಂಟೆ. ಇದು ಆಸ್ಪತ್ರೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬರೆದಿಟ್ಟಿರಲಿಲ್ಲ.

"ಈ ಎರಡನೇ ಸಹಿ ಯಾಕಕ್ಕ?" ಎಂದು ನಾನು ಕೇಳಿದೆ. "ನಿಯಮಾವಳಿಯಲ್ಲಿ ಇಲ್ವಲ್ಲ."

"ಯಾವನೋ ಪುಣ್ಯಾತ್ಮ ಮಾಡಿಟ್ಟು ಹೋಗಿದಾನೆ. ಹದಿನೇಳು ವರ್ಷದಿಂದ ನಾನು ಅವನ ಜನ್ಮ ಜಾಲಾಡ್ತಾನೇ ಇದೀನಿ. ತಡಿ, ಇವತ್ತು ಅವನು ಯಾರು ಅಂತ ಹಿಡಿದೇ ಬಿಡೋಣ."

ಹಳೆಯ ಆದೇಶಗಳೆಲ್ಲ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿದ್ದವು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡು ಮಧ್ಯಾಹ್ನ ಹುಡುಕಿದೆವು. ಜಿರಲೆಗಳು ತಿಂದು ಬಿಟ್ಟ ಕಟ್ಟೊಂದರಲ್ಲಿ ಆ ಆದೇಶ ಸಿಕ್ಕಿತು. ‘ವಾರ್ಡಿನಿಂದ ಹನ್ನೊಂದು ಕಂಬಳಿಗಳು ಕಾಣೆಯಾಗಿರುವ ಹಿನ್ನೆಲೆಯಲ್ಲಿ, ಮನೆಗೆ ತೆರಳುವ ಪ್ರತಿ ರೋಗಿಯ ಕಾಗದಕ್ಕೂ ಹದಿನೈದು ದಿನಗಳ ಮಟ್ಟಿಗೆ ಮೇಲ್ವಿಚಾರಕರ ಸಹಿ ಪಡೆಯತಕ್ಕದ್ದು.’

ನಾನು ಬಿದ್ದು ಬಿದ್ದು ನಕ್ಕೆ. ಹದಿನೈದು ದಿನ! ಅದು ಹದಿನೇಳು ವರ್ಷವಾಗಿತ್ತು. ಪಕ್ಕದಲ್ಲಿ ನಗು ಕೇಳಿಸಲಿಲ್ಲ. ಫೈಲಕ್ಕ ಆದೇಶದ ಹಿಂದೆ ದಾರದಿಂದ ಪೋಣಿಸಿದ್ದ ಇನ್ನೊಂದು ಹಾಳೆ ಓದುತ್ತಿದ್ದರು. ಆ ಆದೇಶ ಹೊರಡಲು ಕಾರಣವಾದ ಟಿಪ್ಪಣಿ ಅದು. ಕಂಬಳಿ ಲೆಕ್ಕ ತಪ್ಪಿದೆ, ಮೇಲಿನವರ ಸಹಿ ಇದ್ದರೆ ಕದಿಯಲು ಹೆದರುತ್ತಾರೆ ಎಂಬ ಸಲಹೆ, ಅಚ್ಚುಕಟ್ಟಾದ ದುಂಡು ಅಕ್ಷರದಲ್ಲಿ. ಕೆಳಗೆ ವಾರ್ಡು ಗುಮಾಸ್ತೆಯ ಸಹಿ.

ಅವರು ಆ ಹಾಳೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತರು.

"ಕಂಬಳಿ ಮೂರನೇ ದಿನಕ್ಕೇ ಸಿಕ್ಕಿದ್ವು ಕಣಮ್ಮ" ಎಂದರು. "ಒಗೆಯೋ ಮನೆಯಲ್ಲಿ ಕೆಳಗಿನ ಹಲಗೆ ಮೇಲಿದ್ವು. ನಾನೇ ಹೋಗಿ ತಂದೆ. ಈ ಚೀಟಿ ಬರೆದಿದ್ದೇ ಮರೆತುಹೋಯ್ತು ನೋಡು. ಹದಿನೇಳು ವರ್ಷ ಬಾಯಿಗೆ ಬಂದ ಹಾಗೆ ಬೈದಿದ್ದು ಯಾರಿಗೆ? ನನಗೇ! ದಿನಕ್ಕೆ ಹತ್ತು ಜನ ಅಂದ್ರೂ, ಒಬ್ಬೊಬ್ಬರಿಗೆ ಐದೈದು ಗಂಟೆ…" ಎಂದು ಬೆರಳು ಮಡಚತೊಡಗಿದವರು ಅರ್ಧಕ್ಕೇ ನಿಲ್ಲಿಸಿ ಕೈ ಸೆರಗಿಗೆ ಒರೆಸಿಕೊಂಡರು.

"ಈ ಹಾಳೆ ತೋರಿಸಬೇಕಾಗಿಲ್ಲ ಅಕ್ಕ. ಆದೇಶ ಒಂದೇ ಸಾಕು" ಎಂದೆ.

"ಗಾಲಿಯಣ್ಣನ ಹೆಸರು ಮೆಮೊದಲ್ಲಿ ಬರಬಹುದು, ನನ್ನ ಹೆಸರು ಬರಬಾರದು, ಅಲ್ವಾ? ಒಳ್ಳೇ ನ್ಯಾಯ ಕಣಮ್ಮ ನಿಂದು."

ಮರುವಾರ ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆ. ವಜ್ರ ಸಾರ್ ಟೈ ಕಟ್ಟಿಕೊಂಡು ಬಂದಿದ್ದರು. ನಾನು ಬಂದಿದ್ದೆ, ವಾರ್ಡಿನ ಡಾಕ್ಟರು, ಹಿರಿಯ ಸರ್ಜನ್ನರು ಇದ್ದರು. ಫೈಲಕ್ಕ ಯಜಮಾನರ ಕಂದು ಕಾಗದದ ಸುರುಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದು, ಮೇಜಿನ ಮೇಲಿದ್ದ ಹೂಜಿ, ಫೋನು, ಟೀ ಕಪ್ಪು ಎಲ್ಲವನ್ನೂ ಎತ್ತಿ ಕಿಟಕಿಗೆ ಇಟ್ಟು, ಎಂಟಡಿ ಉದ್ದದ ನಕ್ಷೆ ಬಿಡಿಸಿದರು. ಅದರ ನಾಲ್ಕು ಮೂಲೆಗೂ ದರ್ಜಿ ಅಂಗಡಿಯ ಕಬ್ಬಿಣದ ತೂಕ.

ಆರು ಓಣಿ, ನಲವತ್ತಮೂರು ಡಬ್ಬಿ. ಪ್ರತಿ ಬಾಣದ ಪಕ್ಕ ಇಷ್ಟಿಷ್ಟು ನಿಮಿಷ ಎಂದು ಕೆಂಪು ಶಾಯಿ. ಹಾಸಿಗೆ ಒರೆಸುವವಳ ಬಕೆಟ್ಟೂ ಇತ್ತು. ದೊಡ್ಡ ಡಾಕ್ಟರು ಮೊದಮೊದಲು ಕುತೂಹಲದಿಂದಲೇ ಬಗ್ಗಿ ನೋಡುತ್ತಿದ್ದರು. ತಮ್ಮ ಓಣಿಗೆ ಬಂದಾಗ ನಿಂತರು. ಅಲ್ಲಿ ಒಂದು ದೊಡ್ಡ ಡಬ್ಬಿ. ಒಳಗೆ: ‘ಊಟದ ನಂತರ ಮಲಗುವುದು’. ಬದಿಯಲ್ಲಿ ಕೆಂಪಿನಲ್ಲಿ: ‘ತೊಂಬತ್ತು ನಿಮಿಷ, ಶನಿವಾರ ನೂರಹತ್ತು’.

ಹಿರಿಯ ಸರ್ಜನ್ನರು ಕೆಮ್ಮು ಬಂದವರಂತೆ ಕರವಸ್ತ್ರ ಬಾಯಿಗೆ ಒತ್ತಿಕೊಂಡರು.

"ಸರ್, ಇದು ಕರಡು ಪ್ರತಿ" ಎಂದು ವಜ್ರ ಸಾರ್ ಮಧ್ಯೆ ಬಿದ್ದರು. "ಅಂತಿಮ ಪ್ರತಿಯಲ್ಲಿ ಆ ಡಬ್ಬಿಯನ್ನ ‘ಪರಿಶೀಲನೆ’ ಅಂತ ಬದಲಾಯಿಸ್ತೀವಿ."

"ಪರಿಶೀಲನೆಗೆ ಗೊರಕೆ ಬರಲ್ಲ ಸಾರ್" ಎಂದರು ಫೈಲಕ್ಕ.

ದೊಡ್ಡ ಡಾಕ್ಟರ ಕಿವಿ ಕೆಂಪಾಯಿತು. "ನನ್ನ ನಿದ್ದೆ ಲೆಕ್ಕ ಹಾಕೋಕೆ ನಿಮಗೆ ಸಂಬಳ ಕೊಡ್ತಿರೋದಾ?"

"ನೀವು ಮಲಗಿದ್ರೆ ತಪ್ಪಿಲ್ಲ ಸಾರ್. ಈ ವಯಸ್ಸಿಗೆ ಮಧ್ಯಾಹ್ನ ಒಂದು ಕಣ್ಣು ಮುಚ್ಚಿದ್ರೇ ಸುಖ. ನನಗೂ ಬರತ್ತೆ. ಆದ್ರೆ ನಿಮ್ಮ ನಿದ್ದೆ ಮುಗಿಯೋದನ್ನ ಹತ್ತು ಮಂಚ, ಹತ್ತು ಬೆಂಚು ಕಾಯ್ತಾ ಕೂತಿರತ್ತೆ. ಗಾಲಿಯಣ್ಣ ಒಂಬತ್ತೂ ಇಪ್ಪತ್ತಕ್ಕೆ ಕುರ್ಚಿ ತಂದು ನಿಲ್ಸಿದಾನೆ, ಇಲ್ಲಿದೆ ನೋಡಿ. ಮೆಮೊ ಅವನಿಗೆ. ಇದು ಯಾವ ಸೀಮೆ ಲೆಕ್ಕ?"

ದೊಡ್ಡ ಡಾಕ್ಟರು ನಕ್ಷೆಯನ್ನು ಇನ್ನೊಮ್ಮೆ ನೋಡಿದರು. ಸಿಟ್ಟಿದ್ದರೂ ಬುದ್ಧಿವಂತರು, ಅಷ್ಟೂ ಬಾಣಗಳು ತಮ್ಮ ಒಂದೇ ಡಬ್ಬಿಯ ಮುಂದೆ ಬಂದು ನಿಂತಿರುವುದು ಅವರ ಕಣ್ಣಿಗೂ ಬಿತ್ತು. ಸಿಟ್ಟು ಬೇರೆ ಕಡೆ ತಿರುಗಿತು.

"ಅಲ್ರೀ, ಈ ಸಹಿ ನಾನೇನು ಆಸೆಪಟ್ಟು ಹಾಕ್ತಿದೀನಾ? ನಾನು ಬರೋ ಮೊದಲೇ ಇತ್ತು. ಇಂಥ ದರಿದ್ರ ಪದ್ಧತಿ ಮಾಡಿದ ಮೂರ್ಖ ಯಾರು ಅಂತ?"

ಫೈಲಕ್ಕ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತರು.

"ಆ ಮಹಾನುಭಾವೆ ನಾನೇ ಸಾರ್" ಎಂದು ಟಿಪ್ಪಣಿಯನ್ನು ಮುಂದಿಟ್ಟರು. "ಹನ್ನೊಂದು ಕಂಬಳಿಗೋಸ್ಕರ. ಕಂಬಳಿ ಸಿಕ್ಕಿದ್ವು. ಸಹಿ ಮಾತ್ರ ಉಳ್ಕೊಂಡ್ತು. ಅಂಚೆಯವನ ಕೈ ಮುರಿದಿದ್ದಕ್ಕೆ ಮೆಮೊ ಕೊಡೋದಾದ್ರೆ ನನಗೆ ಕೊಡಿ."

ದೊಡ್ಡ ಡಾಕ್ಟರು ಟಿಪ್ಪಣಿ ಓದಿದರು, ಆದೇಶ ಓದಿದರು, ಮತ್ತೆ ಟಿಪ್ಪಣಿ ಓದಿದರು.

"ಅಂದ್ರೆ ನಾನು ನಾಲ್ಕು ವರ್ಷದಿಂದ ಸಹಿ ಹಾಕ್ತಿರೋದು… ಕಂಬಳಿಗಾ?"

"ಹೌದು ಸಾರ್."

"ರೋಗಿಗಲ್ಲ."

"ರೋಗಿಗೆ ವಾರ್ಡಿನ ಡಾಕ್ಟರು ಹತ್ತೂವರೆಗೇ ಹಾಕಿರ್ತಾರೆ."

ಈಗ ಸರ್ಜನ್ನರಿಗೆ ತಡೆಯಲಾಗಲಿಲ್ಲ. ಕರವಸ್ತ್ರದೊಳಗಿಂದ ನಗು ಸಿಡಿಯಿತು. ವಾರ್ಡಿನ ಡಾಕ್ಟರು ಗೋಡೆಯ ಕಡೆ ತಿರುಗಿಕೊಂಡರು. ದೊಡ್ಡ ಡಾಕ್ಟರು ಗಂಭೀರವಾಗಿಯೇ, "ಇದನ್ನ ರದ್ದು ಮಾಡಬೇಕಂದ್ರೆ ಸಮಿತಿ ಮುಂದೆ ಇಡಬೇಕು. ಆರು ತಿಂಗಳಾದ್ರೂ ಬೇಕು" ಎಂದರು.

"ರದ್ದು ಯಾಕೆ ಸಾರ್? ಹದಿನೈದು ದಿನ ಅಂತಲೇ ಇದೆ. ಅದು ಆಗಲೇ ಸತ್ತುಹೋಗಿದೆ. ನಾವು ಹೆಣಕ್ಕೆ ದಿನಾ ಸ್ನಾನ ಮಾಡಿಸ್ತಿದೀವಿ ಅಷ್ಟೆ. ನಾಳೆಯಿಂದ ನೀವು ಏನೂ ಮಾಡ್ಬೇಡಿ. ಅಷ್ಟು ಮಾಡಿದ್ರೆ ಸಾಕು."

ಏನೂ ಮಾಡದಿರುವುದು ಸರ್ಕಾರಿ ಕಚೇರಿಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಜಾರಿಗೆ ಬರುವ ಆದೇಶ. ಮರುದಿನ ಹದಿನೆಂಟನೇ ಮಂಚದ ರೋಗಿ ಹನ್ನೊಂದೂಕಾಲಿಗೆ ಗೇಟು ದಾಟಿದ. ಗೇಟಿನ ಕಾವಲುಗಾರ ಅನುಮಾನಪಟ್ಟು, ಓಡಿಹೋಗುತ್ತಿದ್ದಾನೆಂದು ಹಿಡಿದು ನಿಲ್ಲಿಸಿ, ಮೇಲೆ ಫೋನು ಮಾಡಿ ಕೇಳಿದ.

ಗಾಲಿಯಣ್ಣನ ಮೆಮೊ ವಾಪಸ್ಸಾಯಿತು. ಅವನು ಬಂದು ಧನ್ಯವಾದ ಹೇಳುತ್ತಾನೆಂದು ನಾನು ಕಾದಿದ್ದೆ. ಐದು ದಿನ ಬಿಟ್ಟು ಬಂದವನು ಸೊಂಟ ಹಿಡಿದುಕೊಂಡು, "ಏನಕ್ಕ ಮಾಡಿಟ್ರಿ ನೀವು? ಮುಂಚೆ ಎಲ್ಲರೂ ಸಂಜೆ ಒಟ್ಟಿಗೆ ಹೋಗೋರು, ಆರಾಮಾಗಿತ್ತು. ಈಗ ಬೆಳಿಗ್ಗೆಯಿಂದ ಒಬ್ಬೊಬ್ಬನೇ, ಒಬ್ಬೊಬ್ಬನೇ! ಖಾಲಿ ಆದ ಮಂಚಕ್ಕೆ ತಕ್ಷಣ ಇನ್ನೊಬ್ಬ. ನನ್ನ ಕಾಲು ಬಿದ್ದುಹೋಯ್ತು" ಎಂದು ರೇಗಿದ. ಫೈಲಕ್ಕ ಅವನನ್ನು ಕೂರಿಸಿ, ಅವನ ಓಣಿಯಲ್ಲಿ ಎಷ್ಟು ಡಬ್ಬಿ ಹೆಚ್ಚಾಗಿದೆ ಎಂದು ಎಣಿಸಿ, ಇನ್ನೊಬ್ಬ ಅಟೆಂಡರು ಬೇಕೆಂದು ಅರ್ಜಿ ಬರೆದರು. ಅದು ಸಮಿತಿಯ ಮುಂದೆ ಇನ್ನೂ ಇದೆ.

ಫೈಲಕ್ಕನಿಗೂ ಬಹುಮಾನ ಸಿಕ್ಕಿತು. ಸಭೆಯಾದ ಎಂಟನೇ ದಿನ, ‘ಸಾರ್ವಜನಿಕ ಹಿತದೃಷ್ಟಿಯಿಂದ’ ಅವರನ್ನು ನೆಲಮಾಳಿಗೆಯ ದಾಖಲೆ ಕೋಣೆಗೆ ವರ್ಗ ಮಾಡಲಾಯಿತು. ದೊಡ್ಡ ಡಾಕ್ಟರಿಗೆ ಸಹಿ ತಪ್ಪಿದ್ದು ಇಷ್ಟವಾಗಿತ್ತು. ಆ ತೊಂಬತ್ತು ನಿಮಿಷ ಕೆಂಪಿನಲ್ಲಿ ಬರೆದದ್ದು ಹೊಟ್ಟೆಗಿಳಿದಿರಲಿಲ್ಲ. ವರ್ಗದ ಕಾಗದ ಕೈಗೆ ಬಂದ ದಿನ ಅವರು ಮೇಜಿನ ಖಾನೆಗಳನ್ನು ಖಾಲಿ ಮಾಡುವಾಗ ನಾನು ಪಕ್ಕದಲ್ಲಿದ್ದೆ. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೈಗುಳವಿತ್ತು. ವಾರ್ಡಿನ ರೋಗಿಯೊಬ್ಬ "ಎಲ್ಲಿಗೆ ಹೊರಟ್ರಿ ಅಮ್ಮ?" ಎಂದು ಕೇಳಿದ್ದಕ್ಕೆ, "ನನಗೂ ಡಿಸ್ಚಾರ್ಜ್ ಆಯ್ತಪ್ಪ. ಒಂದೇ ಸಹಿ, ಐದು ನಿಮಿಷ" ಎಂದರು.

ನಮ್ಮ ಸಾಫ್ಟ್‌ವೇರ್ ಅವರ ನಕ್ಷೆಯ ಮೇಲೆಯೇ ಎದ್ದು ನಿಂತಿತು. ಕಂಪನಿಯ ವಾರ್ಷಿಕ ಸಮಾರಂಭದಲ್ಲಿ ಅದರ ಅಂತಿಮ ಪ್ರತಿಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. ನಿದ್ದೆಯ ಡಬ್ಬಿ ಇರಲಿಲ್ಲ, ಕೆಳಗೆ ವಜ್ರ ಸಾರ್ ಹೆಸರಿತ್ತು. ನನಗೆ ಮೈ ಉರಿದುಹೋಯಿತು. ನೆಲಮಾಳಿಗೆಗೆ ಹೋಗಿ ಹೇಳಿದೆ. ಫೈಲಕ್ಕ ಹಳೆಯ ಕಟ್ಟೊಂದರ ಧೂಳು ಕೊಡವುತ್ತ, "ಹೋಗ್ಲಿ ಬಿಡು. ನಾನು ಬರೆದಿದ್ದಕ್ಕೆಲ್ಲ ನನ್ನ ಹೆಸರು ಇಲ್ದೇ ಇರೋದೇ ವಾಸಿ ಅನ್ಸತ್ತೆ ಒಂದೊಂದ್ಸಲ" ಎಂದರು.

ಆದರೆ ನಾನು ಬಿಡಲಿಲ್ಲ. ವಜ್ರ ಸಾರ್ ಮುಂದಿನ ಕೆಲಸಕ್ಕೆ, ಒಂದು ಗ್ರಂಥಾಲಯಕ್ಕೆ, ಮತ್ತೆ ಏಳು ಡಬ್ಬಿಯ ನಕ್ಷೆ ಬರೆದು, ಗಿರಾಕಿಗಳು ಮತ್ತೆ ತಲೆಯಾಡಿಸಿ, ಸಾಫ್ಟ್‌ವೇರ್ ಮೂರೇ ವಾರಕ್ಕೆ ಮುಗ್ಗರಿಸಿದಾಗ, ಕಂಪನಿಯ ಯಜಮಾನತಿಯ ಬಳಿಗೇ ಹೋಗಿ ಕಂದು ಕಾಗದದ ಕಥೆ ಹೇಳಿದೆ. ಆಕೆ ಫೈಲಕ್ಕನನ್ನು ನೋಡಬೇಕೆಂದರು. ಫೈಲಕ್ಕನಿಗೆ ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿತ್ತು. "ನೆಲಮಾಳಿಗೆಯಲ್ಲಿ ಜಿರಲೆ ಜೊತೆ ಮಾತಾಡೋದು ಸಾಕಾಯ್ತು" ಎಂದು ಸ್ವಯಂನಿವೃತ್ತಿ ತೆಗೆದುಕೊಂಡು, ಐವತ್ತೆಂಟೂವರೆ ವಯಸ್ಸಿನಲ್ಲಿ, ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡು ಬಂದರು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವುದನ್ನು ಕಲಿಸಿದೆ. ಒಂದು ವಾರ ಮೌಸ್ ಎಂಬ ಇಲಿ ಹಿಡಿದು ಒದ್ದಾಡಿ, "ಇದು ಹೇಳಿದ ಕಡೆ ನಿಲ್ಲಲ್ಲ, ನಮ್ಮತ್ತೆ ಹಾಗೆ" ಎಂದು ಬಿಟ್ಟುಬಿಟ್ಟರು. ಈಗಲೂ ಅವರು ಕಾಗದದ ಮೇಲೆ ಬರೆಯುತ್ತಾರೆ, ಹೊಸದಾಗಿ ಸೇರಿದವರು ಕಂಪ್ಯೂಟರಿಗೆ ಇಳಿಸುತ್ತಾರೆ. ಹಾಗೆ ಸೇರಿದವರನ್ನು ಮೊದಲ ದಿನವೇ ಯಾವುದಾದರೂ ಕಚೇರಿಗೆ ಅಟ್ಟಿ, ಇಡೀ ದಿನ ಸಾಲಿನಲ್ಲಿ ನಿಂತು ಬರಲು ಹೇಳುತ್ತಾರೆ. ಇಬ್ಬರು ಕೆಲಸ ಬಿಟ್ಟು ಹೋಗಿದ್ದಾರೆ.

ಹೋದ ತಿಂಗಳು ನಗರದ ವಿದ್ಯುತ್ ಚಿತಾಗಾರದವರು ಬಂದು, ತಮಗೊಂದು ಸಾಫ್ಟ್‌ವೇರ್ ಬೇಕೆಂದರು. ವಜ್ರ ಸಾರ್‌ಗೆ ಅಂದೇ ಬೆನ್ನುನೋವು ಶುರುವಾಯಿತು. ಫೈಲಕ್ಕ, "ನಾನು ಹೋಗ್ತೀನಿ. ಅಲ್ಲಿ ಒಬ್ಬರಾದ್ರೂ ತಕರಾರು ಮಾಡದೇ ಮಲಗಿರ್ತಾರೆ" ಎಂದು ಹೊರಟರು. ಮೂರು ದಿನ ಅಲ್ಲಿನ ಕಟ್ಟೆಯ ಮೇಲೆ, ಹೆಣ ತಂದವರ ಪಕ್ಕ, ಕೈಗಡಿಯಾರ ನೋಡುತ್ತ ಕೂತರು. ನಾಲ್ಕನೇ ದಿನ ಬೆಳಿಗ್ಗೆ ನನಗೆ ಫೋನು ಬಂತು.

"ಏನಮ್ಮಾ, ಇಲ್ಲೊಂದು ಪೇಚಾಗಿದೆ. ಸತ್ತವನ ಗುರುತಿನ ಚೀಟಿ ನಕಲಿಗೆ ಸಹಿ ಬೇಕು ಅಂತಾರೆ. ಯಾರ ಸಹಿ ಅಂತ ಕೇಳಿದ್ರೆ, ಚೀಟಿ ಯಾರದೋ ಅವರದೇ ಅಂತಾನೆ ಇಲ್ಲಿನ ಗುಮಾಸ್ತ. ಮೂರು ದಿನದಿಂದ ಜನ ಏನು ಮಾಡ್ತಿದಾರೆ ಗೊತ್ತಾ? ಬಾಗಿಲಾಚೆ ಹೋಗಿ ತಾವೇ ಗೀಚ್ಕೊಂಡು ಬರ್ತಾರೆ. ಅವನಿಗೂ ಗೊತ್ತು, ಇವರಿಗೂ ಗೊತ್ತು."

"ನಕ್ಷೆಯಲ್ಲಿ ಏನು ಹಾಕಿದ್ರಿ?"

"ಅದಕ್ಕೇ ಫೋನು ಮಾಡಿದ್ದು. ಹೆಣಕ್ಕೊಂದು ಓಣಿ ಕೊಡ್ಲಾ ಬೇಡ್ವಾ?"

"ಸಹಿ ಕೇಳ್ತಿದಾರೆ ಅಂದ ಮೇಲೆ ಕೊಡಲೇಬೇಕಲ್ಲ ಅಕ್ಕ."

"ನಾನೂ ಹಾಗೇ ಅಂದ್ಕೊಂಡೆ. ಸರಿ, ನಾಳೆ ಬರುವಾಗ ಉದ್ದದ ಸ್ಕೇಲ್ ತಗೊಂಡು ಬಾ. ನನ್ನದನ್ನ ಯಜಮಾನ್ರು ಕೋಟು ಅಳೆಯೋಕೆ ಇಟ್ಕೊಂಡಿದಾರೆ" ಎಂದು, ನಾನು ಬರುತ್ತೇನೋ ಇಲ್ಲವೋ ಕೇಳದೆ ಫೋನಿಟ್ಟರು.